ದಿನಕ್ಕೊಂದು ಪುಟ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಕೇಳಿದಾಗ, ಶಾಲೆಯ ಹಳೆಯ ದಿನಗಳನ್ನು ಕುರಿತು ಬರೆಯಬಲ್ಲವರು ನನಗಿಂತ ಸಮರ್ಥರು ಅನೇಕರಿದ್ದಾರೆ ಎಂದೆ. ಅವರು ಬಿಡಲಿಲ್ಲ. “ಕೊಯಮತ್ತೂರಿನಲ್ಲಿ ಕುಳಿತು ಕನ್ನಡದಲ್ಲಿ ಕಥೆ ಬರೆಯುತ್ತೀರಲ್ಲ, ಅದನ್ನು ಹೇಗೆ ಮಾಡುತ್ತೀರಿ ಎಂಬುದನ್ನೇ ಬರೆಯಿರಿ. ನಮ್ಮ ಮಕ್ಕಳಿಗೂ ಉಪಯೋಗವಾದೀತು” ಎಂದರು. ಕಥೆಗಾರನೆಂಬ ದೊಡ್ಡ ಹೆಸರಿಗೆ ನಾನು ಅರ್ಹನೋ ಅಲ್ಲವೋ ತಿಳಿಯದು. ಆದರೆ ಮೂವತ್ತು ವರ್ಷಗಳಿಂದ ಬಿಡದೆ ಬರೆಯುತ್ತ ಬಂದಿದ್ದೇನೆ. ಬರೆದುದರಲ್ಲಿ ಕೆಲವು ಪತ್ರಿಕೆಗಳಲ್ಲಿ ಅಚ್ಚಾಗಿವೆ, ಹೆಚ್ಚಿನವು ಪೆಟ್ಟಿಗೆಯಲ್ಲಿವೆ. ಆ ಅಭ್ಯಾಸವನ್ನು ಕುರಿತು ನಾಲ್ಕು ಮಾತು ಹೇಳುವುದು ಕಷ್ಟವಲ್ಲ.

ನಾನು ನೇಕಾರರ ಮನೆಯಲ್ಲಿ ಹುಟ್ಟಿದವನು. ತಂದೆಯವರು ಗುಂಡಿ ಮಗ್ಗದಲ್ಲಿ ಕುಳಿತು ಸೀರೆ ನೇಯುತ್ತಿದ್ದರು. ಮನೆಯೊಳಗೆ ನಮ್ಮದು ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಹೊಸ್ತಿಲಿನ ಮೇಲೆ ನಿಂತು ಮಾತನಾಡುವಾಗ ಎರಡೂ ಬೆರೆತ ಮಾತು. ನಮ್ಮ ತಾಯಿಗೆ ಕನ್ನಡದ ಒಂದು ಅಕ್ಷರವೂ ಬರುತ್ತಿರಲಿಲ್ಲ. ಆದರೆ ಅವರು ಬೈದದ್ದು, ಹರಸಿದ್ದು, ಕಥೆ ಹೇಳಿದ್ದು ಎಲ್ಲವೂ ಕನ್ನಡದಲ್ಲಿಯೇ. ಮಾತು ನನಗೆ ಮನೆಯಿಂದ ಬಂದಿತು, ಅಕ್ಷರ ಈ ಶಾಲೆಯಿಂದ ಬಂದಿತು. ಇವೆರಡೂ ಒಂದೇ ಭಾಷೆಯೆಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು. ಪುಸ್ತಕದ ಕನ್ನಡ ಬಹು ದೂರದ, ಮರ್ಯಾದಸ್ಥರ ಮಾತು, ನಮ್ಮ ಮನೆಯ ಕನ್ನಡ ಬರೆಯುವುದಕ್ಕೆ ಯೋಗ್ಯವಲ್ಲದ ಮಾತು ಎಂಬ ಭಾವನೆ ನಮ್ಮ ಬೀದಿಯ ಎಲ್ಲ ಮಕ್ಕಳಲ್ಲಿಯೂ ಇದ್ದಿತು. ನನ್ನ ಬರವಣಿಗೆಯ ಕಷ್ಟಸುಖಗಳೆಲ್ಲ ಈ ಎರಡು ಕನ್ನಡಗಳ ನಡುವೆಯೇ ಹುಟ್ಟಿದವು.

ಈ ಸೀಮೆಯಲ್ಲಿ ಕನ್ನಡ ನೆನ್ನೆ ಮೊನ್ನೆ ಬಂದುದಲ್ಲ. ಹೊಯ್ಸಳ ವಿಷ್ಣುವರ್ಧನನ ಬಿರುದುಗಳಲ್ಲಿ ಕೊಂಗುನಾಡಿನ ಹೆಸರಿದೆ. ಮುಂದೆ ಮೈಸೂರಿನ ಅರಸರ ಕಾಲದಲ್ಲಿಯೂ, ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿಯೂ, 1799ರವರೆಗೆ, ಕೊಯಮತ್ತೂರು ಮೈಸೂರಿನ ಆಡಳಿತದಲ್ಲಿದ್ದಿತು. ಭಾಷಾವಾರು ಪ್ರಾಂತಗಳಾದ 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೇ ಸೇರಿದ್ದಿತು. ದೇವಾಂಗ ನೇಕಾರರು, ಒಕ್ಕಲಿಗರು ಮುಂತಾದ ಕನ್ನಡ ಮನೆಮಾತಿನವರು ಅನೇಕ ತಲೆಮಾರುಗಳಿಂದ ಇಲ್ಲಿ ನೆಲೆಸಿದ್ದಾರೆ. ಆದರೂ ಮೈಸೂರಿನ ಕಡೆ ಹೋದರೆ ನಮ್ಮ ಉಚ್ಚಾರಣೆ ಕೇಳಿ “ಕೊಂಗರು” ಎನ್ನುವವರಿದ್ದಾರೆ. ಇಲ್ಲಿ ನೆರೆಯವರಿಗೆ ನಾವು “ಕನ್ನಡಕ್ಕಾರರು”. ಇದನ್ನು ದೂರಾಗಿ ಹೇಳುತ್ತಿಲ್ಲ. ಕಥೆ ಬರೆಯುವವನಿಗೆ ಎರಡು ಮನೆಗಳ ಜಗಲಿಯ ಮೇಲೂ ಕುಳಿತು ಒಳಗಿನ ಮಾತು ಕೇಳುವ ಅವಕಾಶ ಸಿಕ್ಕಿದರೆ ಅದು ಲಾಭವೇ.

ನೌಕರಿಯ ನಿಮಿತ್ತ ನಾನು ಬಹುಕಾಲ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಬೆಳಿಗ್ಗೆ ಕೊಯಮತ್ತೂರಿನಿಂದ ರೈಲು, ರಾತ್ರಿ ಹಿಂದಿರುಗುವ ರೈಲು. ಹೀಗಾಗಿ ಬರೆಯುವುದಕ್ಕೆ ನನಗೆ ದೊರೆಯುತ್ತಿದ್ದುದು ಬೆಳಗಿನ ಜಾವದ ಒಂದು ಗಂಟೆ ಮಾತ್ರ. ಐದು ಗಂಟೆಗೆ ಎದ್ದು, ಅಡಿಗೆಮನೆಯ ದೀಪ ಹಾಕಿ, ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಒಂದು ಪುಟ ಬರೆಯುವುದು. ಒಂದೇ ಪುಟ. ಕೈ ಓಡುತ್ತಿದ್ದರೂ ಎರಡನೆಯ ಪುಟಕ್ಕೆ ಹೋಗುವುದಿಲ್ಲ, ಓಡದಿದ್ದರೂ ಪುಟ ತುಂಬದೆ ಏಳುವುದಿಲ್ಲ.

ಈ ಶಿಸ್ತು ನನ್ನ ಸ್ವಂತದ್ದಲ್ಲ. ಮಗ್ಗದ ಮನೆಯಲ್ಲಿ ಬೆಳೆದವರಿಗೆಲ್ಲ ಇದು ಗೊತ್ತು. ಬೀದಿಯಲ್ಲಿ ಹಾಸು ಚಾಚಿ ಗಂಜಿ ಹಾಕುವ ಕೆಲಸ ಬಿಸಿಲೇರುವ ಮುನ್ನ ಮುಗಿಯಬೇಕು. ಮನಸ್ಸು ಬಂದಾಗ ಮಾಡುತ್ತೇನೆಂದರೆ ಬಿಸಿಲು ಕಾಯುವುದಿಲ್ಲ. ನೇಯುವಾಗ ಎಳೆ ಕಡಿಯಿತೆಂದು ನೇಕಾರ ಮಗ್ಗ ಬಿಟ್ಟು ಏಳುವುದಿಲ್ಲ. ಲಾಳಿ ನಿಲ್ಲಿಸಿ, ಕಡಿದ ತುದಿಗಳನ್ನು ಹುಡುಕಿ, ಗಂಟು ಹಾಕಿ ಮುಂದುವರಿಸುತ್ತಾನೆ. ತಂದೆಯವರಿಗೆ “ಇಂದು ಸ್ಫೂರ್ತಿ ಇಲ್ಲ” ಎಂಬ ಮಾತೇ ಗೊತ್ತಿರಲಿಲ್ಲ. ವಚನಕಾರ ಜೇಡರ ದಾಸಿಮಯ್ಯನೂ ನೇಯುವವನೇ ಆಗಿದ್ದನೆಂಬುದನ್ನು ನಮ್ಮ ಜನ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಬರಹವೂ ಕಾಯಕವೂ ಒಂದೇ ಮನೆಯಲ್ಲಿ ಇರಬಲ್ಲವು ಎಂಬುದಕ್ಕೆ ಅದಕ್ಕಿಂತ ಹಳೆಯ ಸಾಕ್ಷಿ ನಮಗೆ ಬೇಕಿಲ್ಲ.

ನೌಕರಿ ಮಾಡಿಕೊಂಡೇ ಬರೆದ ಹಿರಿಯರು ನಮ್ಮಲ್ಲಿ ಅನೇಕರು. ಮಾಸ್ತಿಯವರು ಮೈಸೂರು ಸರ್ಕಾರದ ದೊಡ್ಡ ಅಧಿಕಾರದಲ್ಲಿದ್ದುಕೊಂಡೇ ಸಣ್ಣಕಥೆಗಳನ್ನು ಬರೆದರು. ಅವರ ಮೊದಲ ಕಥಾಸಂಕಲನ 1920ರಲ್ಲಿಯೇ ಬಂದಿತು. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ರಾಸಾಯನಿಕ ಉದ್ದಿಮೆಯಲ್ಲಿ ಕೆಲಸಮಾಡುತ್ತ, ತಾವು ಹುಟ್ಟಿದ ಹನೇಹಳ್ಳಿಯನ್ನು ಕಥೆಯಲ್ಲಿ ಮತ್ತೆ ಮತ್ತೆ ಕಟ್ಟಿದರು. ತಮಿಳಿನ ನಾಂಜಿಲ್ ನಾಡನ್ ಅವರು ನೌಕರಿಗಾಗಿ ಊರು ಬಿಟ್ಟು, ಮುಂಬಯಿಯ ಬಳಿಕ ನಮ್ಮ ಕೊಯಮತ್ತೂರಿನಲ್ಲಿಯೇ ನೆಲೆಸಿ, ದೂರದ ನಾಂಜಿಲ್ ನಾಡಿನ ಬದುಕನ್ನು ಬರೆದು 2010ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಇವರ ಸಾಲಿನಲ್ಲಿ ನಿಲ್ಲುವ ಹಂಬಲದಿಂದ ಈ ಹೆಸರುಗಳನ್ನು ಹೇಳುತ್ತಿಲ್ಲ. ಸಮಯವಿಲ್ಲ ಎಂಬ ನೆಪ ಇವರ ಮುಂದೆ ನಿಲ್ಲುವುದಿಲ್ಲ ಎಂದಷ್ಟೇ ಹೇಳಬೇಕಾಗಿದೆ.

ಬೆಳಗಿನ ಗಂಟೆ ಬರೆಯುವುದಕ್ಕಾದರೆ ರೈಲಿನ ಗಂಟೆ ಕೇಳುವುದಕ್ಕೆ. ತಿರುಪ್ಪೂರಿಗೆ ಹೋಗುವ ರೈಲಿನಲ್ಲಿ ಕುಳಿತವರು ಬಹಳ ಮಂದಿ ಬನಿಯನ್ ಕಂಪನಿಗಳವರು. ಅವರ ಬಾಯಲ್ಲಿ ಬರುವ ಮಾತುಗಳು ಯಾವ ನಿಘಂಟಿನಲ್ಲಿಯೂ ಇಲ್ಲ. ಹೊಲಿಯುವವರ ಪಕ್ಕದಲ್ಲಿ ನಿಂತು ಬಟ್ಟೆ ಮಡಿಸಿಕೊಡುವವರು “ಕೈಮಡಿ”. ಓವರ್‌ಲಾಕ್, ಫ್ಲಾಟ್‌ಲಾಕ್ ಎಂಬ ಯಂತ್ರಗಳ ಹೆಸರುಗಳು ಅಲ್ಲಿ ಮನುಷ್ಯರ ಹೆಸರುಗಳಿಗೆ ಅಂಟಿಕೊಂಡು ಬರುತ್ತವೆ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ “ಸಾಯಪ್ಪಟ್ಟರೈ”. ಸಣ್ಣಪುಟ್ಟ ದೋಷವಿರುವ ಮಾಲು “ಸೆಕೆಂಡ್ಸ್”, ಅದು ಮಾರಾಟವಾಗುವುದು ಖಾದರ್‌ಪೇಟೆಯಲ್ಲಿ. ಕೂಲಿ ಕೈಗೆ ಬರುವುದು ಶನಿವಾರ. ಈ ಕೊನೆಯ ಸಂಗತಿಯನ್ನು ತಿಳಿಯದವನು ತಿರುಪ್ಪೂರಿನ ಕಥೆ ಬರೆಯಲಾರ. ಏಕೆಂದರೆ ಅಲ್ಲಿನ ಸಾಲ, ಜಗಳ, ಸಿನಿಮಾ, ಮದುವೆಯ ಮಾತುಕತೆ, ಊರಿಗೆ ಹೋಗುವ ಬಸ್ಸು, ಎಲ್ಲವೂ ಶನಿವಾರ ಸಂಜೆಯನ್ನು ಆಧರಿಸಿ ನಿಂತಿವೆ. ಗುರುವಾರ ಒಬ್ಬ ತಂದೆ ಮಗಳಿಗೆ ಏನನ್ನಾದರೂ ಕೊಡಿಸುತ್ತೇನೆಂದು ಹೇಳಿದರೆ ಅದು ಮಾತು ಕೊಡುವುದು. ಶನಿವಾರ ರಾತ್ರಿ ಹೇಳಿದರೆ ಅದು ಕೊಡಿಸುವುದು. ಪಾತ್ರದ ವಾರವನ್ನು ತಿಳಿಯದೆ ಪಾತ್ರದ ಮನಸ್ಸನ್ನು ತಿಳಿಯಲಾಗದು.

ಇಂಥ ಮಾತುಗಳಿಗಾಗಿ ನಾನು ಒಂದು ಸಣ್ಣ ಪುಸ್ತಕವನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ಎಡಪುಟದಲ್ಲಿ ಕೇಳಿದ ಮಾತು, ಬಲಪುಟದಲ್ಲಿ ಯಾರು ಯಾರಿಗೆ ಯಾವಾಗ ಹೇಳಿದರೆಂಬ ವಿವರ. ಅರ್ಥ ಬರೆದುಕೊಳ್ಳುವುದಕ್ಕಿಂತ ಇದು ಹೆಚ್ಚು ಉಪಯುಕ್ತವೆಂದು ನನ್ನ ಅನುಭವ. ಪೆರುಮಾಳ್ ಮುರುಗನ್ ಅವರು ಕಾದಂಬರಿಗಳ ಜೊತೆಗೆ ಕೊಂಗುನಾಡಿನ ಆಡುಮಾತಿನ ನಿಘಂಟನ್ನೂ ಮಾಡಿದ್ದಾರೆ. ಕರಿಸಲ್ ಸೀಮೆಯ ಕಿ. ರಾಜನಾರಾಯಣನ್ ಅವರೂ ತಮ್ಮ ಸೀಮೆಯ ಮಾತಿಗೆ ಅಂಥದೇ ನಿಘಂಟು ಮಾಡಿದ್ದರು. ಕಥೆಗಾರರು ನಿಘಂಟು ಮಾಡುವುದು ಆಕಸ್ಮಿಕವಲ್ಲ. ಒಂದು ಸೀಮೆಯ ಬದುಕನ್ನು ಬರೆಯಹೊರಟವನಿಗೆ ಮೊದಲು ಬೇಕಾಗುವ ಸಾಮಗ್ರಿ ಅದು. ಕೊಂಗುನಾಡಿನ ನಮ್ಮ ಮನೆಗಳ ಕನ್ನಡಕ್ಕೂ ಅಂಥದೊಂದು ನಿಘಂಟು ಬೇಕು. ನನ್ನ ಜೇಬಿನ ಪುಸ್ತಕಗಳು ಈಗ ನಲವತ್ತಕ್ಕೂ ಮೇಲಾಗಿವೆ.

ಹೀಗೆ ಕೂಡಿಸಿಟ್ಟದ್ದು ಕಥೆಯಾಗುವ ಬಗೆಯನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. 2011ರ ಜನವರಿಯಲ್ಲಿ, ನೊಯ್ಯಲ್ ನದಿಯ ಮಾಲಿನ್ಯದ ಮೊಕದ್ದಮೆಯಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಂತೆ ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳು ಮುಚ್ಚಿದವು. ನದಿ ಹಲವು ವರ್ಷಗಳಿಂದ ಬಣ್ಣದ ನೀರಿನಿಂದ ಕೆಟ್ಟಿತ್ತು. ಕೆಳಗಿನ ಹಳ್ಳಿಗಳ ಬಾವಿಗಳೂ ಹೊಲಗಳೂ ಹಾಳಾಗಿದ್ದವು. ಇನ್ನೊಂದು ಕಡೆ ಬಣ್ಣದ ಕೆಲಸವನ್ನೇ ನಂಬಿದ್ದ ಸಾವಿರಾರು ಸಂಸಾರಗಳು. ನ್ಯಾಯ ಯಾವ ಕಡೆ ಇದೆಯೆಂದು ಹೇಳುವುದು ಸುಲಭ, ಯಾರ ಮನೆಯ ಒಲೆ ಆರಿತು ಎಂದು ಹೇಳುವುದು ಬೇರೆ ಸಂಗತಿ. ಈ ವಿಷಯವನ್ನು ಕುರಿತು ನಾನು ತಿಂಗಳುಗಟ್ಟಲೆ ಟಿಪ್ಪಣಿ ಮಾಡಿಕೊಂಡೆ, ಪತ್ರಿಕೆಗಳ ತುಣುಕುಗಳನ್ನು ಅಂಟಿಸಿದೆ. ತಿರುಪ್ಪೂರಿನವರೇ ಆದ ಸುಬ್ರಭಾರತಿಮಣಿಯನ್ ಅವರು ‘ಸಾಯತ್ತಿರೈ’ ಎಂಬ ತಮಿಳು ಕಾದಂಬರಿಯಲ್ಲಿ ಈ ಬಣ್ಣದ ನೀರಿನ ಬದುಕನ್ನು ಅದಕ್ಕೂ ಹಿಂದೆಯೇ ಬರೆದಿದ್ದರು. ನನ್ನ ಬಳಿ ಸಂಗತಿಗಳು ರಾಶಿಯಾಗಿದ್ದವು, ಕಥೆ ಮಾತ್ರ ಇರಲಿಲ್ಲ.

ಒಂದು ಸಂಜೆ ರೈಲಿನಲ್ಲಿ ನನ್ನ ಎದುರಿಗೆ ಮೇಲಿನ ಕಂಬಿ ಹಿಡಿದು ನಿಂತವನ ಕೈ ನೋಡಿದೆ. ಬಣ್ಣದ ಕಾರ್ಖಾನೆಯವರ ಕೈಯನ್ನು ನೋಡಿದವರಿಗೆ ಅದು ಮರೆಯದು. ಉಗುರಿನ ಸಂದಿಯಲ್ಲಿ, ಅಂಗೈಯ ಗೆರೆಗಳಲ್ಲಿ ನೀಲಿಯೋ ಕೆಂಪೋ ಕುಳಿತುಬಿಟ್ಟಿರುತ್ತದೆ. ಈತನ ಕೈಯಲ್ಲಿ ಆ ಬಣ್ಣ ಅರ್ಧ ಮಾಸಿತ್ತು. ಕೆಲಸ ನಿಂತು ಕೆಲವು ವಾರಗಳಾದುದರಿಂದ ಅವನ ಚರ್ಮ ಮೆಲ್ಲಗೆ ತನ್ನ ಸ್ವಂತ ಬಣ್ಣಕ್ಕೆ ಮರಳುತ್ತಿತ್ತು. ಮರುದಿನ ಬೆಳಗಿನ ಪುಟದಲ್ಲಿ ನಾನು ಬರೆದದ್ದು ಇಷ್ಟು: ಗಂಡನ ಕೈ ದಿನದಿನಕ್ಕೆ ಬೆಳ್ಳಗಾಗುತ್ತಿರುವುದನ್ನು ಹೆಂಡತಿ ಅನ್ನ ಬಡಿಸುವಾಗ ನೋಡುತ್ತಾಳೆ, ಏನೂ ಹೇಳುವುದಿಲ್ಲ. ಅದರಿಂದ ಕಥೆ ಬೆಳೆಯಿತು. ಮೊದಲ ಕರಡು ಇಪ್ಪತ್ತೆರಡು ಪುಟಗಳಾಯಿತು. ಅದರಲ್ಲಿ ನ್ಯಾಯಾಲಯವಿತ್ತು, ನದಿಯ ಇತಿಹಾಸವಿತ್ತು, ಒಬ್ಬ ಮೇಷ್ಟರ ಭಾಷಣವಿತ್ತು. ಎರಡನೆಯ ಬಾರಿ ಬರೆದಾಗ ಮೇಷ್ಟರು ಹೋದರು; ಮೂರನೆಯ ಬಾರಿ ನ್ಯಾಯಾಲಯ ಒಂದು ವಾಕ್ಯವಾಯಿತು; ನಾಲ್ಕನೆಯ ಬಾರಿ ಒಂಬತ್ತು ಪುಟಗಳು ಉಳಿದವು. ನದಿ ಮಾತ್ರ ಕೊನೆಯವರೆಗೂ ಉಳಿಯಿತು, ಏಕೆಂದರೆ ಆ ಹೆಂಡತಿಯ ತವರುಮನೆ ನದಿಯ ಕೆಳಗಿನ ಹಳ್ಳಿಯಲ್ಲಿತ್ತು. ಗಂಡನ ಕೈಯ ಬಣ್ಣವೇ ಅವಳ ತಂದೆಯ ಬಾವಿಯ ಬಣ್ಣ. ಅವಳು ಯಾವುದಕ್ಕೆ ಸಂತೋಷಪಡಬೇಕು, ಯಾವುದಕ್ಕೆ ದುಃಖಪಡಬೇಕು? ಉತ್ತರವನ್ನು ನಾನು ಬರೆಯಲಿಲ್ಲ. ಉತ್ತರ ತಿಳಿದಿದ್ದರೆ ಲೇಖನ ಬರೆಯುತ್ತಿದ್ದೆ.

ಕಾಣುವುದನ್ನೆಲ್ಲ ಬರೆಯಬಾರದೆಂಬುದನ್ನೂ ಈ ಊರೇ ಕಲಿಸಿತು. ವಿಜಯದಶಮಿಯ ದಿನ ಕೊಯಮತ್ತೂರಿನ ರಾಜವೀದಿಯ ಚೌಡೇಶ್ವರಿ ಅಮ್ಮನವರ ಗುಡಿಗೆ ಹೋಗುವ ಮೆರವಣಿಗೆಯಲ್ಲಿ ನಮ್ಮ ಕುಲದ ಗಂಡಸರು ಕತ್ತಿಯಿಂದ ಎದೆ ತೋಳುಗಳನ್ನು ಕೊಯ್ದುಕೊಂಡು ತಾಯಿಯನ್ನು ಕರೆಯುತ್ತಾರೆ. ಹೊರಗಿನಿಂದ ಬಂದವರ ಕಣ್ಣಿಗೆ ಕತ್ತಿಯೂ ರಕ್ತವೂ ಕಾಣುತ್ತವೆ, ಛಾಯಾಚಿತ್ರಗಳಲ್ಲಿಯೂ ಅವೇ ಬರುತ್ತವೆ. ಕಥೆಯಲ್ಲಿ ಅದನ್ನೇ ಬರೆದರೆ ಓದುವವನು ಬೆರಗಾಗುತ್ತಾನೆ, ಆದರೆ ನಮ್ಮನ್ನು ತಿಳಿಯುವುದಿಲ್ಲ. ನಾನು ಬರೆದ ಕಥೆಯಲ್ಲಿ ಮೆರವಣಿಗೆ ಕೇಳಿಸುತ್ತದೆ, ಕಾಣುವುದಿಲ್ಲ. ಮೊದಲ ವರ್ಷ ಕತ್ತಿ ಹಿಡಿದ ಮಗನಿಗಾಗಿ ತಾಯಿಯೊಬ್ಬಳು ಮನೆಯಲ್ಲಿ ಅರಿಸಿನ ಪುಡಿಯನ್ನು ತಟ್ಟೆಯಲ್ಲಿ ಹಾಕಿಟ್ಟುಕೊಂಡು, ಬೀದಿಯ ಸದ್ದು ಹತ್ತಿರವಾಗುವುದನ್ನು ಕಾಯುತ್ತಾಳೆ. ಅವಳಿಗೆ ಹೆಮ್ಮೆಯೂ ಇದೆ, ಭಯವೂ ಇದೆ. ಅಷ್ಟು ಸಾಕಾಯಿತು.

ಇನ್ನು ಮಾತಿನ ಪ್ರಶ್ನೆ. ಕೊಯಮತ್ತೂರಿನ ಕನ್ನಡ ಕಥೆಗಾರನಿಗೆ ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿಲ್ಲ. ನನ್ನ ಪಾತ್ರಗಳು ಮನೆಯಲ್ಲಿ ಕನ್ನಡ ಆಡುತ್ತವೆ, ಅಂಗಡಿಯಲ್ಲಿ ತಮಿಳು ಆಡುತ್ತವೆ, ಕಂಪನಿಯಲ್ಲಿ ತಮಿಳಿನ ಜೊತೆಗೆ ಇಂಗ್ಲಿಷಿನ ಚೂರುಗಳನ್ನು ಆಡುತ್ತವೆ. ಇವನ್ನೆಲ್ಲ ಕನ್ನಡ ಕಥೆಯಲ್ಲಿ ಹೇಗೆ ಬರೆಯಬೇಕು? ಎಲ್ಲರಿಂದಲೂ ಶುದ್ಧ ಗ್ರಾಂಥಿಕ ಕನ್ನಡವನ್ನೇ ಆಡಿಸಬಹುದು. ಆಗ ನೇಕಾರನೂ ನ್ಯಾಯವಾದಿಯೂ ಒಂದೇ ದನಿಯಲ್ಲಿ ಮಾತನಾಡುತ್ತಾರೆ. ತಮಿಳು ಮಾತುಗಳನ್ನು ಇದ್ದಂತೆಯೇ ಕನ್ನಡ ಲಿಪಿಯಲ್ಲಿ ಬರೆದು ಅಡಿಟಿಪ್ಪಣಿ ಕೊಡಬಹುದು. ಆಗ ಧಾರವಾಡದ ಓದುಗ ಸಾಲಿಗೊಮ್ಮೆ ಪುಟದ ಅಡಿಗೆ ಇಳಿದು ಮೇಲೆ ಏರಬೇಕಾಗುತ್ತದೆ.

ನಾನು ಅನುಸರಿಸುವ ಕ್ರಮ ಹೀಗಿದೆ. ಮನೆಯೊಳಗಿನ ಮಾತನ್ನು ನಮ್ಮ ಮನೆಗಳ ಕನ್ನಡದಲ್ಲಿಯೇ, ಅದರಲ್ಲಿ ಬೆರೆತ ತಮಿಳು ಪದಗಳ ಸಹಿತ, ಬರೆಯುತ್ತೇನೆ. ಹೊರಗೆ ಆಡಿದ ತಮಿಳು ಮಾತನ್ನು ಸರಳವಾದ ಕನ್ನಡಕ್ಕೆ ತಂದು, ಅದರ ಸಂಬೋಧನೆಯನ್ನು ಮಾತ್ರ ಹಾಗೆಯೇ ಉಳಿಸುತ್ತೇನೆ. ಕೊಂಗು ತಮಿಳಿನ ಮರ್ಯಾದೆಯೆಲ್ಲ ಅದರ “ಂಗ” ಎಂಬ ಕೊನೆಯಲ್ಲಿದೆ. ಅಪರಿಚಿತರನ್ನು ಕರೆಯುವುದಕ್ಕೆ ಇಲ್ಲಿಯವರು “ಏನುಂಗ” ಎನ್ನುತ್ತಾರೆ. ಕನ್ನಡದ ಕಿವಿಗೆ ಅದರಲ್ಲಿ ನಮ್ಮ “ಏನು” ಕೇಳಿಸುತ್ತದೆ, ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇಂಥ ಒಂದು ಪದವಿದ್ದರೆ ಇಡೀ ಸಂಭಾಷಣೆ ಯಾವ ಊರಿನದೆಂದು ತಿಳಿಯುತ್ತದೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ 1984ರಲ್ಲಿ ಬಂದಾಗ, ನಂಜನಗೂಡು ಸೀಮೆಯ ಆಡುಮಾತು ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೊರಬಲ್ಲುದೆಂದು ಕನ್ನಡಿಗರೆಲ್ಲ ಕಂಡರು. ತಮಿಳಿನಲ್ಲಿ ಇದೇ ಕೆಲಸವನ್ನು, ಇಂದು ತಿರುಪ್ಪೂರು ಜಿಲ್ಲೆಗೆ ಸೇರಿದ ಧಾರಾಪುರದ ಕಡೆಯವರಾದ ಆರ್. ಷಣ್ಮುಗಸುಂದರಂ ಅವರು 1942ರಲ್ಲಿಯೇ ‘ನಾಗಮ್ಮಾಳ್’ ಕಾದಂಬರಿಯಲ್ಲಿ ಕೊಂಗು ಮಾತಿಗಾಗಿ ಮಾಡಿದ್ದರು. ಈ ಇಬ್ಬರ ನಡುವೆ, ಬೆಟ್ಟದ ಆಚೆಗೂ ಈಚೆಗೂ ಸೇರದ ನಮ್ಮ ಕನ್ನಡ ಇನ್ನೂ ತನ್ನ ಪುಸ್ತಕಕ್ಕಾಗಿ ಕಾಯುತ್ತಿದೆ.

ಬರೆದದ್ದು ಸರಿಯೋ ಎಂದು ನೋಡುವುದಕ್ಕೆ ನನಗೆ ಒಬ್ಬರು ಪರೀಕ್ಷಕರಿದ್ದಾರೆ, ನನ್ನ ಅಕ್ಕ. ತಮಿಳು ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಓದಿ ಮಗ್ಗಕ್ಕೆ ಕುಳಿತವಳು. ಕನ್ನಡವನ್ನು ಕಿವಿಯಿಂದ ಮಾತ್ರ ಬಲ್ಲಳು. ಕಥೆ ಮುಗಿದ ಮೇಲೆ ಅದನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಒಮ್ಮೆ ವೃದ್ಧ ನೇಕಾರನೊಬ್ಬನ ಸಾವಿನ ಸಂದರ್ಭದಲ್ಲಿ ಅವನ ಹೆಂಡತಿ ಅಳುವ ಮಾತನ್ನು ಎರಡು ಬಗೆಯಾಗಿ ಬರೆದಿಟ್ಟುಕೊಂಡು ಎರಡನ್ನೂ ಓದಿದೆ. ಒಂದರಲ್ಲಿ ಅವಳು ಗಂಡನ ಗುಣಗಳನ್ನು ಹೇಳಿಕೊಂಡು ಅಳುತ್ತಾಳೆ. ಇನ್ನೊಂದರಲ್ಲಿ ಮಗ್ಗದ ಮೇಲೆ ಅರ್ಧಕ್ಕೆ ನಿಂತ ಸೀರೆಯನ್ನು ನೋಡಿ ಅಳುತ್ತಾಳೆ. ಅಕ್ಕ ಬಹಳ ಹೊತ್ತು ಸುಮ್ಮನಿದ್ದು, “ಎರಡನೇದೇ ಇರ್ಲಪ್ಪ. ಗುಣ ಎಲ್ಲಾ ಹದಿಮೂರು ದಿನ ಆದ್ಮೇಲೆ ನೆನಪಾಗ್ತದೆ. ಹೆಣ ಮನೇಲಿರೋವಾಗ ಕಣ್ಣಿಗೆ ಬೀಳೋದು ಮಗ್ಗ” ಎಂದಳು. ಸಾಹಿತ್ಯ ವಿಮರ್ಶೆಯ ಗ್ರಂಥಗಳನ್ನು ನಾನೂ ಅಷ್ಟಿಷ್ಟು ಓದಿದ್ದೇನೆ. ಈ ಮಾತಿಗಿಂತ ಹೆಚ್ಚಿನದನ್ನು ನನಗೆ ಹೇಳಿಕೊಟ್ಟ ಗ್ರಂಥ ಕಡಿಮೆ.

ಗಟ್ಟಿಯಾಗಿ ಓದುವುದರಿಂದ ಇನ್ನೊಂದು ಪ್ರಯೋಜನವಿದೆ. ಕಣ್ಣು ಕ್ಷಮಿಸುವುದನ್ನು ನಾಲಿಗೆ ಕ್ಷಮಿಸುವುದಿಲ್ಲ. ಎಲ್ಲಿ ಉಸಿರು ಸಾಲದೋ ಅಲ್ಲಿ ವಾಕ್ಯ ಉದ್ದವಾಗಿದೆಯೆಂದು ಅರ್ಥ. ಎಲ್ಲಿ ಅಕ್ಕ ಎದ್ದು ನೀರು ಕುಡಿಯಲು ಹೋಗುತ್ತಾಳೋ ಅಲ್ಲಿ ವರ್ಣನೆ ಹೆಚ್ಚಾಗಿದೆಯೆಂದು ಅರ್ಥ. ಆ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿ ಮುಂದೆ ಓದುತ್ತೇನೆ. ಮರುದಿನ ಬೆಳಗಿನ ಪುಟ ಆ ಗುರುತಿನಿಂದಲೇ ಆರಂಭವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ಮನೆಯವರೂ ಮಿತ್ರರೂ ನನ್ನನ್ನು ಮತ್ತೆ ಮತ್ತೆ ಕೇಳುವ ಒಂದು ಪ್ರಶ್ನೆಯನ್ನು ಎದುರಿಸದೆ ಲೇಖನ ಮುಗಿಸುವುದು ಸರಿಯಲ್ಲ. ನನ್ನ ತಮ್ಮನ ಮಗ ಒಮ್ಮೆ ನೇರವಾಗಿಯೇ ಕೇಳಿದ: “ದೊಡ್ಡಪ್ಪ, ನೀವು ಬರೆಯೋದು ನಮ್ಮ ಬೀದಿ ಕಥೆ. ನಮ್ಮ ಬೀದಿಯವರಿಗೆ ಕನ್ನಡ ಓದೋಕೆ ಬರಲ್ಲ. ತಮಿಳಲ್ಲಿ ಬರೆದ್ರೆ ಎಲ್ಲರೂ ಓದ್ತೀವಲ್ಲ?” ಅವನ ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ತಮಿಳು ನಮಗೆ ಅನ್ನ ಕೊಟ್ಟ ಭಾಷೆ, ಸ್ನೇಹ ಕೊಟ್ಟ ಭಾಷೆ. ಅದರ ಸಾಹಿತ್ಯ ಉದಾರವಾದುದು. ಕಿ. ರಾಜನಾರಾಯಣನ್ ಅವರ ಮನೆಮಾತು ತೆಲುಗು. ತಮ್ಮ ಹಿರಿಯರು ತಮಿಳು ನಾಡಿಗೆ ವಲಸೆ ಬಂದ ಕಥೆಯನ್ನು ಅವರು 1976ರಲ್ಲಿ ‘ಗೋಪಲ್ಲ ಗ್ರಾಮಂ’ ಎಂಬ ಕಾದಂಬರಿಯಾಗಿ ತಮಿಳಿನಲ್ಲಿಯೇ ಬರೆದರು, ತಮಿಳರು ಅದನ್ನು ತಮ್ಮದಾಗಿ ಎತ್ತಿಕೊಂಡರು. ಕನ್ನಡವೂ ಹೀಗೆಯೇ ಉದಾರವಾದುದು. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರ ಮನೆಮಾತು ಮರಾಠಿ. ಇಬ್ಬರಿಗೂ ಕನ್ನಡಕ್ಕಾಗಿ ಜ್ಞಾನಪೀಠ ಬಂದಿತು. ಮನೆಮಾತನ್ನು ಬಿಟ್ಟು ಊರಿನ ಮಾತಿನಲ್ಲಿ ಬರೆಯುವುದು ದ್ರೋಹವಲ್ಲವೆಂಬುದಕ್ಕೆ ಈ ಹಿರಿಯರೇ ಸಾಕ್ಷಿ.

ಹಾಗಿದ್ದರೂ ನಾನು ಕನ್ನಡದಲ್ಲಿಯೇ ಬರೆಯುತ್ತೇನೆ. ಇದರಲ್ಲಿ ಹಟವೇನೂ ಇಲ್ಲ, ಒಂದು ಲೆಕ್ಕವಿದೆ, ಲೆಕ್ಕಿಗನಲ್ಲವೆ? ತಮಿಳಿನಲ್ಲಿ ಈ ಸೀಮೆಯನ್ನು ಬರೆಯುವ ಸಮರ್ಥರು ಅನೇಕರಿದ್ದಾರೆ. ಆದರೆ ಈ ಸೀಮೆಯ ಅಡಿಗೆಮನೆಗಳಲ್ಲಿ ತಲೆಮಾರುಗಳಿಂದ ಆಡುತ್ತ ಬಂದಿರುವ ಕನ್ನಡ ಎಲ್ಲಿಯೂ ಬರೆದಿಡಲ್ಪಟ್ಟಿಲ್ಲ. ಮಾಸ್ತಿಯವರು ಕನ್ನಡದಲ್ಲಿ ಬರೆದುದರಿಂದ ತಮಿಳಿಗೆ ನಷ್ಟವಾಗಲಿಲ್ಲ, ಅದನ್ನು ಕಾಯುವುದಕ್ಕೆ ಒಂದು ನಾಡೇ ಇತ್ತು. ನಮ್ಮ ಮನೆಗಳ ಕನ್ನಡವನ್ನು ಕಾಯುವುದಕ್ಕೆ ಇರುವುದು ನಮ್ಮ ಮನೆಗಳು ಮಾತ್ರ. ಅಕ್ಕನ ತಲೆಮಾರಿನವರು ಆಡುವ ಮಾತುಗಳಲ್ಲಿ ಅರ್ಧದಷ್ಟು ತಮ್ಮನ ಮಗನಿಗೆ ತಿಳಿಯುತ್ತವೆ. ಅವನ ಮಕ್ಕಳಿಗೆ ಎಷ್ಟು ತಿಳಿದಾವು? ಮಗ್ಗ ಹೋದ ಮನೆಯಲ್ಲಿ ಮಗ್ಗದ ಮಾತೂ ಹೋಗುತ್ತದೆ. ಲಾಳಿ, ಹಣಿಗೆ, ಹಾಸು, ಹೊಕ್ಕು ಎಂಬ ಪದಗಳು ನಿಘಂಟಿನಲ್ಲಿ ಉಳಿದಾವು. “ಮಗ್ಗ ನಿಂತಿದೆ, ಏನು ನೋಡ್ತಾ ನಿಂತೆ” ಎಂದು ತಾಯಿ ಗದರಿದ ದನಿ ಕಥೆಯಲ್ಲಲ್ಲದೆ ಇನ್ನೆಲ್ಲಿಯೂ ಉಳಿಯಲಾರದು.

ತಮ್ಮನ ಮಗನಿಗೆ ಈ ಉತ್ತರ ಪೂರ್ತಿ ಒಪ್ಪಿಗೆಯಾಗಲಿಲ್ಲ. “ಓದೋರಿಲ್ಲದೆ ಉಳಿದು ಏನು ಪ್ರಯೋಜನ?” ಎಂದ. ಅದಕ್ಕೆ ನಾವು ಒಂದು ಒಪ್ಪಂದ ಮಾಡಿಕೊಂಡೆವು. ನಾನು ಓದಿದ್ದನ್ನು ಅವನು ಕೇಳಿ, ತನಗೆ ಒಪ್ಪಿದ ಕಥೆಯನ್ನು ತಮಿಳಿಗೆ ತರುವುದು. ಬೆಂಗಳೂರಿನಲ್ಲಿರುವ ತಮಿಳು ಲೇಖಕ ಪಾವಣ್ಣನ್ ಅವರು ಭೈರಪ್ಪನವರ ‘ಪರ್ವ’ವನ್ನು ತಮಿಳಿಗೆ ತಂದು ಸಾಹಿತ್ಯ ಅಕಾಡೆಮಿಯ ಅನುವಾದ ಪ್ರಶಸ್ತಿಯನ್ನೇ ಪಡೆದಿದ್ದಾರೆ, ನಮ್ಮ ಹುಡುಗ ಈವರೆಗೆ ಮೂರು ಸಣ್ಣಕಥೆಗಳನ್ನು ಮುಗಿಸಿದ್ದಾನೆ. ಬಣ್ಣದ ಕೈಯ ಕಥೆಯನ್ನು ಮಾಡುವಾಗ ಅವನು ಒಂದು ಪದದ ಬಳಿ ಎರಡು ದಿನ ನಿಂತ. ಆ ಪದ ನಮ್ಮ ತಾಯಿ ಬಳಸುತ್ತಿದ್ದುದು, ಅವನು ಕೇಳಿರಲಿಲ್ಲ. ಕೊನೆಗೆ ಅಕ್ಕನ ಬಳಿ ಹೋಗಿ ಕುಳಿತು ಕೇಳಿ ತಿಳಿದುಕೊಂಡು ಬಂದ. ಆ ಎರಡು ದಿನಗಳಲ್ಲಿ ಅತ್ತೆಯೊಡನೆ ಅವನು ಆಡಿದಷ್ಟು ಕನ್ನಡವನ್ನು ಹಿಂದಿನ ಎರಡು ವರ್ಷಗಳಲ್ಲಿ ಆಡಿರಲಿಲ್ಲ.

ಇದನ್ನು ನೋಡಿದ ಮೇಲೆ ನಮ್ಮ ಶಾಲೆಯ ಉಪಾಧ್ಯಾಯರಲ್ಲಿಯೂ ಪೋಷಕರಲ್ಲಿಯೂ ಒಂದು ವಿನಂತಿ ಮಾಡಬೇಕೆನಿಸಿದೆ. ತಮಿಳು ನಾಡಿನ ಶಾಲೆಗಳಲ್ಲಿ ತಮಿಳು ಕಲಿಕೆಯನ್ನು ಕಡ್ಡಾಯಗೊಳಿಸಿದ 2006ರ ಕಾಯ್ದೆಯ ಬಳಿಕ ನಮ್ಮ ಮಕ್ಕಳು ತಮಿಳನ್ನು ಚೆನ್ನಾಗಿ ಕಲಿಯುತ್ತಿದ್ದಾರೆ; ಕಲಿಯಲೇಬೇಕು, ಈ ನಾಡಿನಲ್ಲಿ ಬಾಳುವವರಿಗೆ ಅದು ಬೇಕು. ಕನ್ನಡಕ್ಕೆ ನಾವು ಕೊಡಬೇಕಾದುದು ಇನ್ನೊಂದು ಬಗೆಯ ಸಮಯ. ವಾರಕ್ಕೊಮ್ಮೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಹಿರಿಯರೊಬ್ಬರ ಬಾಯಿಂದ ಕೇಳಿದ ಮಾತನ್ನು, ತಿದ್ದದೆ, ಶುದ್ಧಗೊಳಿಸದೆ, ಒಂದು ಪುಟ ಬರೆದು ತರಲಿ. ಅಜ್ಜಿ ಹೇಳಿದ ಜಗಳವಾಗಲಿ, ತಾತ ಹೇಳಿದ ಮಗ್ಗದ ಸಂಗತಿಯಾಗಲಿ, ತಿರುಪ್ಪೂರಿಗೆ ಹೋಗಿಬರುವ ತಂದೆ ಹೇಳಿದ ಕಂಪನಿಯ ಸುದ್ದಿಯಾಗಲಿ, ಏನಾದರೂ ಆಗಬಹುದು. ಅದರಲ್ಲಿ ತಮಿಳು ಪದವಿದ್ದರೆ ಕೆಂಪು ಶಾಯಿಯಿಂದ ಹೊಡೆದುಹಾಕದಿರೋಣ. ಮನೆಯ ಮಾತಿಗೆ ಶಾಲೆಯ ಅಕ್ಷರ ದೊರೆತರೆ ಸಾಕು. ಆ ಪುಟಗಳಲ್ಲಿ ನೂರಕ್ಕೆ ಒಂದು ಕಥೆಯಾದರೂ ಲಾಭ, ಒಂದೂ ಕಥೆಯಾಗದಿದ್ದರೂ ನಷ್ಟವಿಲ್ಲ. ನಮ್ಮ ಕನ್ನಡದ ನಿಘಂಟನ್ನು ಮಾಡುವವರಿಗೆ ಅವೇ ಆಧಾರವಾಗುತ್ತವೆ. ನನ್ನ ಜೇಬಿನ ಪುಸ್ತಕಗಳನ್ನೆಲ್ಲ ಈ ಕೆಲಸಕ್ಕಾಗಿ ಶಾಲೆಯ ವಾಚನಾಲಯಕ್ಕೆ ಒಪ್ಪಿಸಲು ಸಿದ್ಧನಿದ್ದೇನೆ. ಅವುಗಳ ಬಲಪುಟ ತುಂಬಿದೆ. ಎಷ್ಟೋ ಕಡೆ ಮುಂದಿನ ಅರ್ಧ ಖಾಲಿಯಿದೆ, ಮಕ್ಕಳು ತುಂಬಬಹುದು.

ಐವತ್ತು ವರ್ಷ ತುಂಬಿದ ನಮ್ಮ ಶಾಲೆಗೆ ಹಳೆಯ ವಿದ್ಯಾರ್ಥಿಯೊಬ್ಬನ ನಮಸ್ಕಾರಗಳು. ಬರಹಗಾರರಾಗಬಯಸುವ ಮಕ್ಕಳಿಗೆ ನಾನು ಹೇಳಬಹುದಾದುದು ಬಹಳವಿಲ್ಲ. ನಿಮ್ಮ ಮನೆಯಲ್ಲಿ ವಯಸ್ಸಾದವರು ಯಾರಿದ್ದಾರೋ ಅವರ ಬಳಿ ಇಂದು ಸಂಜೆ ಹೋಗಿ ಕುಳಿತುಕೊಳ್ಳಿ. ಅವರು ಹೇಳಿದ್ದನ್ನು ಬೆಳಿಗ್ಗೆ ಎದ್ದು ಒಂದು ಪುಟ ಬರೆಯಿರಿ. ನಾಳಿದ್ದು ಇನ್ನೊಂದು.